ಕಂಕುಳ ಥರ್ಮಾಮೀಟರ್ ನಂಬಿದ ವೈದ್ಯ ಬ್ರೋಡಾ ಬಾರ್ನ್ಸ್

ರಾತ್ರಿ ಮಲಗುವ ಮುನ್ನ ಪಾದರಸದ ಥರ್ಮಾಮೀಟರನ್ನು ಚೆನ್ನಾಗಿ ಕೊಡವಿ ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಬೆಳಗ್ಗೆ ಎಚ್ಚರವಾದೊಡನೆ, ಏಳದೆ, ಮಾತನಾಡದೆ, ನೀರನ್ನೂ ಕುಡಿಯದೆ ಅದನ್ನು ಕಂಕುಳಲ್ಲಿ ಇರಿಸಿಕೊಂಡು ಹತ್ತು ನಿಮಿಷ ಅಲುಗಾಡದೆ ಮಲಗಿರಬೇಕು. ಅಂಕಿ 97.8 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿದ್ದು, ಜೊತೆಗೆ ಸದಾ ಆಯಾಸ, ಚಳಿ, ಒಣಚರ್ಮ, ಮಲಬದ್ಧತೆ, ಮಂಕುತನ ಇದ್ದಲ್ಲಿ ಥೈರಾಯ್ಡ್ ಗ್ರಂಥಿ ಸೋತಿದೆಯೆಂದು ಶಂಕಿಸಬೇಕು. ಥೈರಾಯ್ಡ್ ಕೊರತೆಗೆ ಪರ್ಯಾಯ ಚಿಕಿತ್ಸೆ ಅರಸುವವರು ಇಂದಿಗೂ ಜಗತ್ತಿನ ನಾನಾ ಕಡೆ ಪಾಲಿಸುತ್ತಿರುವ ಈ ವಿಧಾನವನ್ನು ಬಳಕೆಗೆ ತಂದವರು ಅಮೆರಿಕದ ವೈದ್ಯ ಬ್ರೋಡಾ ಓಟ್ಟೊ ಬಾರ್ನ್ಸ್. 1906ರಲ್ಲಿ ಹುಟ್ಟಿ 1988ರಲ್ಲಿ ತೀರಿಕೊಂಡ ಅವರು ಐದು ದಶಕಗಳಿಗೂ ಹೆಚ್ಚು ಕಾಲ ಒಂದೇ ಗ್ರಂಥಿಯ ಬೆನ್ನು ಹತ್ತಿದ್ದರು.

ಬಾರ್ನ್ಸ್ ಮೊದಲು ವೈದ್ಯರಾಗಿರಲಿಲ್ಲ, ಶರೀರಕ್ರಿಯಾ ವಿಜ್ಞಾನಿಯಾಗಿದ್ದರು. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಖ್ಯಾತ ವಿಜ್ಞಾನಿ ಆಂಟನ್ ಕಾರ್ಲ್‌ಸನ್ ಅವರ ಗರಡಿಯಲ್ಲಿ ಪಳಗಿ 1931ರಲ್ಲಿ ಪಿಎಚ್.ಡಿ. ಪಡೆದರು. ಥೈರಾಯ್ಡ್ ತೆಗೆದುಹಾಕಿದ ಮೊಲಗಳನ್ನು ಪ್ರಯೋಗಾಲಯದಲ್ಲಿ ಗಮನಿಸಿದ್ದು ಅವರ ಮನಸ್ಸಿನಲ್ಲಿ ಅಚ್ಚೊತ್ತಿತು. ಆ ಪ್ರಾಣಿಗಳ ಬೆಳವಣಿಗೆ ಕುಂಠಿತವಾಗಿತ್ತು, ಮೈ ತಣ್ಣಗಿತ್ತು, ಸೋಂಕಿಗೆ ಅವು ಸುಲಭವಾಗಿ ತುತ್ತಾಗುತ್ತಿದ್ದವು. ಆನಂತರ ರಷ್ ವೈದ್ಯಕೀಯ ಕಾಲೇಜಿಗೆ ಸೇರಿ 1937ರಲ್ಲಿ ಎಂ.ಡಿ. ಪದವಿ ಗಳಿಸಿದರು.

ಅವರು ವೃತ್ತಿಗೆ ಇಳಿಯುವ ವೇಳೆಗೆ ಥೈರಾಯ್ಡ್ ಚಿಕಿತ್ಸೆಗೆ ಸುಮಾರು ಅರ್ಧ ಶತಮಾನದ ಚರಿತ್ರೆಯಿತ್ತು. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಯುವ ವೈದ್ಯ ಜಾರ್ಜ್ ಮರೆ, ಕುರಿಯ ಥೈರಾಯ್ಡ್ ರಸವನ್ನು 46 ವರ್ಷದ ಮಹಿಳೆಯೊಬ್ಬರಿಗೆ ಚುಚ್ಚಿ ಆಕೆಯನ್ನು ಸಾವಿನ ದವಡೆಯಿಂದ ಪಾರುಮಾಡಿದ್ದರು. ಆಕೆ ಮತ್ತೆ 28 ವರ್ಷ ಬದುಕಿದರು. ಬೇಗನೆ ಚುಚ್ಚುಮದ್ದಿನ ಜಾಗಕ್ಕೆ ಒಣಗಿಸಿ ಪುಡಿಮಾಡಿದ ಗ್ರಂಥಿಯ ಮಾತ್ರೆ ಬಂದಿತು. 1914ರಲ್ಲಿ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ ಹಾರ್ಮೋನನ್ನು ಬೇರ್ಪಡಿಸಿದರೂ, ಹಲವು ದಶಕಗಳ ಕಾಲ ವೈದ್ಯರ ಕೈಯಲ್ಲಿದ್ದ ಮುಖ್ಯ ಮದ್ದು ಪ್ರಾಣಿಗಳ ಒಣಗ್ರಂಥಿಯೇ.

ಮದ್ದೇನೋ ಇತ್ತು, ಯಾರಿಗೆ ಕೊಡಬೇಕೆಂಬುದೇ ಸಮಸ್ಯೆಯಾಗಿತ್ತು. ಆಗ ಪ್ರಚಲಿತವಿದ್ದ ಪರೀಕ್ಷೆ ತಳಮಟ್ಟದ ಚಯಾಪಚಯದ್ದು. ರೋಗಿ ಹಿಂದಿನ ರಾತ್ರಿಯಿಂದ ಉಪವಾಸವಿದ್ದು, ಯಂತ್ರದ ನಳಿಕೆ ಬಾಯಲ್ಲಿಟ್ಟು, ಮೂಗು ಮುಚ್ಚಿಕೊಂಡು ಉಸಿರಾಡಬೇಕಿತ್ತು. ಬಳಕೆಯಾದ ಆಮ್ಲಜನಕದ ಪ್ರಮಾಣದಿಂದ ದೇಹ ಎಷ್ಟು ಇಂಧನ ಉರಿಸುತ್ತಿದೆಯೆಂದು ಲೆಕ್ಕ ಹಾಕುತ್ತಿದ್ದರು. ಆದರೆ ಅಪರಿಚಿತ ಯಂತ್ರದೆದುರು ಗಾಬರಿಗೊಂಡವರ ಚಯಾಪಚಯ ತಾನಾಗಿ ಏರುತ್ತಿತ್ತು, ಕಾಯಿಲೆ ಮರೆಯಾಗುತ್ತಿತ್ತು. ಉರಿಯುವ ಇಂಧನದ ಫಲವೇ ಶಾಖವಲ್ಲವೆ, ಹಾಗಿದ್ದಲ್ಲಿ ಶಾಖವನ್ನೇ ಮನೆಯಲ್ಲಿ, ಹಾಸಿಗೆಯಲ್ಲಿ ಏಕೆ ಅಳೆಯಬಾರದು ಎಂಬುದು ಬಾರ್ನ್ಸ್ ಅವರ ಸರಳ ತರ್ಕ. 1942ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಈ ಎರಡೂ ವಿಧಾನಗಳನ್ನು ಹೋಲಿಸಿ ಅವರು ಲೇಖನ ಪ್ರಕಟಿಸಿದರು. ಆ ಕಾಲದ ಉಪಕರಣಗಳ ನಡುವೆ ನೋಡಿದರೆ ಅದು ಹುಚ್ಚು ಆಲೋಚನೆಯಾಗಿರಲಿಲ್ಲ.

ಮುಂದೆ ಕೊಲರಾಡೊದ ಫೋರ್ಟ್ ಕಾಲಿನ್ಸ್ ಎಂಬ ಊರು ಅವರ ಕರ್ಮಭೂಮಿಯಾಯಿತು. ಕಂಕುಳ ತಾಪಮಾನ 97.8ರಿಂದ 98.2 ಡಿಗ್ರಿಯೊಳಗೆ ಇದ್ದರೆ ಸಹಜವೆಂದು ಅವರು ಗೆರೆ ಎಳೆದರು. ಋತುಚಕ್ರಕ್ಕನುಗುಣವಾಗಿ ಸ್ತ್ರೀಯರ ಮೈಶಾಖ ಬದಲಾಗುವುದರಿಂದ ಮುಟ್ಟಿನ ಎರಡನೆಯ ಹಾಗೂ ಮೂರನೆಯ ದಿನ ಅಳೆಯಬೇಕೆಂದು ಸೂಚಿಸಿದರು. ಒಣಗ್ರಂಥಿಯ ಮಾತ್ರೆಯನ್ನು ಸಣ್ಣ ಪ್ರಮಾಣದಿಂದ ಆರಂಭಿಸಿ, ರೋಗಿಯ ಲಕ್ಷಣ ಮತ್ತು ತಾಪಮಾನ ನೋಡುತ್ತ ನಿಧಾನವಾಗಿ ಏರಿಸುವುದು ಅವರ ಪದ್ಧತಿ. ಎಷ್ಟೋ ವೈದ್ಯರ ಬಾಗಿಲು ತಟ್ಟಿ, ಎಲ್ಲವೂ ಮನಸ್ಸಿನ ಭ್ರಮೆಯೆಂಬ ತೀರ್ಪು ಕೇಳಿ ಬಂದವರಿಗೆ, ವಿಶೇಷವಾಗಿ ಮಹಿಳೆಯರಿಗೆ, ದೂರನ್ನು ಪೂರ್ತಿ ಆಲಿಸುವ ವೈದ್ಯ ಸಿಕ್ಕಿದ್ದೇ ದೊಡ್ಡ ಸಮಾಧಾನ. ಬಾರ್ನ್ಸ್ ಅವರ ಜನಪ್ರಿಯತೆಯಲ್ಲಿ ಮಾತ್ರೆಯ ಪಾಲೆಷ್ಟು, ಈ ಆಲಿಸುವಿಕೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಅಷ್ಟರಲ್ಲಿ ಕಾಲ ಬದಲಾಗತೊಡಗಿತು. ರಕ್ತದಲ್ಲಿನ ಅಯೋಡಿನ್ ಅಂಶ ಅಳೆಯುವ ಪರೀಕ್ಷೆ ಬಂದಿತು. 1960ರ ದಶಕದಿಂದೀಚೆಗೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಸ್ರವಿಸುವ ಟಿಎಸ್‌ಎಚ್ ಹಾರ್ಮೋನನ್ನು ಅಳೆಯುವುದು ಸಾಧ್ಯವಾಯಿತು. ಥೈರಾಯ್ಡ್ ಸೋತಾಗ ಟಿಎಸ್‌ಎಚ್ ಏರುತ್ತದೆ, ಅದು ಅತಿಯಾಗಿ ದುಡಿದಾಗ ಇಳಿಯುತ್ತದೆ. ಒಣಗ್ರಂಥಿಯ ಜಾಗವನ್ನು ಪ್ರಮಾಣ ಖಚಿತವಿರುವ ಕೃತಕ ಥೈರಾಕ್ಸಿನ್ ಆಕ್ರಮಿಸಿತು. ವೈದ್ಯಲೋಕ ಪ್ರಯೋಗಾಲಯದತ್ತ ನಡೆದರೆ ಬಾರ್ನ್ಸ್ ಥರ್ಮಾಮೀಟರಿನ ಬಳಿಯೇ ನಿಂತರು. ರಕ್ತದಲ್ಲಿ ಹಾರ್ಮೋನು ಎಷ್ಟಿದೆಯೆಂಬುದಕ್ಕಿಂತ ಜೀವಕೋಶಗಳಲ್ಲಿ ಅದು ಎಷ್ಟು ಕೆಲಸ ಮಾಡುತ್ತಿದೆಯೆಂಬುದೇ ಮುಖ್ಯವೆಂದು ಅವರು ವಾದಿಸಿದರು.

ಬಾರ್ನ್ಸ್ ಅವರ ಮತ್ತೊಂದು ಹುಡುಕಾಟ ಅವರನ್ನು ಆಸ್ಟ್ರಿಯಾದ ಗ್ರಾತ್ಸ್ ನಗರಕ್ಕೆ ಕರೆದೊಯ್ದಿತು. ದೀರ್ಘಕಾಲದ ಮರಣೋತ್ತರ ಪರೀಕ್ಷೆಗಳ ದಾಖಲೆಗಳು ಅಲ್ಲಿ ಸುರಕ್ಷಿತವಾಗಿದ್ದವು. ಹಿಂದೆ ಕ್ಷಯಕ್ಕೆ ಬಲಿಯಾಗುತ್ತಿದ್ದ ದುರ್ಬಲ ಥೈರಾಯ್ಡಿನ ಜನ, ಆಂಟಿಬಯೋಟಿಕ್‌ಗಳ ಕೃಪೆಯಿಂದ ಬದುಕುಳಿದು ಈಗ ಹೃದಯಾಘಾತಕ್ಕೆ ಈಡಾಗುತ್ತಿದ್ದಾರೆ ಎಂಬ ತೀರ್ಮಾನಕ್ಕೆ ಅವರು ಬಂದರು. ತಮ್ಮಿಂದ ಥೈರಾಯ್ಡ್ ಮಾತ್ರೆ ಪಡೆದ 1569 ರೋಗಿಗಳಲ್ಲಿ, ಫ್ರೇಮಿಂಗ್‌ಹ್ಯಾಂ ಅಧ್ಯಯನದ ಲೆಕ್ಕದಂತೆ 72 ಮಂದಿಗೆ ಹೃದ್ರೋಗ ಬರಬೇಕಿತ್ತು, ಬಂದದ್ದು ನಾಲ್ವರಿಗೆ ಮಾತ್ರ ಎಂಬುದು ಅವರು ಮುಂದಿಟ್ಟ ಅಂಕಿ.

ಬೆರಗುಗೊಳಿಸುವ ಅಂಕಿಯೇ ಸರಿ. ಆದರೆ ಔಷಧ ಪಡೆದವರನ್ನೂ ಪಡೆಯದವರನ್ನೂ ಚೀಟಿ ಎತ್ತಿದಂತೆ ವಿಂಗಡಿಸಿ ಹೋಲಿಸಿದ ಪ್ರಯೋಗ ಅದಾಗಿರಲಿಲ್ಲ. ತಾವಾಗಿ ವೈದ್ಯರನ್ನು ಅರಸಿ ಬಂದು ವರ್ಷಗಟ್ಟಲೆ ಚಿಕಿತ್ಸೆ ಮುಂದುವರಿಸುವವರು ಉಳಿದವರಂತಲ್ಲ. ಅದೇ ಕಾಲಕ್ಕೆ ಅಮೆರಿಕದಲ್ಲಿ ಹೃದಯಾಘಾತದಿಂದ ಚೇತರಿಸಿಕೊಂಡ ಪುರುಷರಿಗೆ ಥೈರಾಕ್ಸಿನ್‌ನ ಹತ್ತಿರದ ಬಂಧುವಾದ ಡೆಕ್ಸ್‌ಟ್ರೋಥೈರಾಕ್ಸಿನ್ ನೀಡಿ ನೋಡುವ ದೊಡ್ಡ ಪ್ರಯೋಗವೊಂದು ನಡೆದಿತ್ತು. ಔಷಧ ಪಡೆದವರಲ್ಲೇ ಸಾವು ಹೆಚ್ಚಾದ ಕಾರಣ ಆ ಭಾಗವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಅದರ ವರದಿ 1972ರಲ್ಲಿ ಹೊರಬಂದಿತು. ಬಾರ್ನ್ಸ್ ತಮ್ಮ ಹೃದ್ರೋಗ ಸಿದ್ಧಾಂತದಿಂದ ಹಿಂದೆ ಸರಿಯಲಿಲ್ಲ. 1976ರಲ್ಲಿ ಹೃದಯಾಘಾತದ ಒಗಟು ಬಿಡಿಸಿದ್ದಾಗಿ ಸಾರುವ ಪುಸ್ತಕವನ್ನೇ ಬರೆದರು.

ಅದೇ 1976ರಲ್ಲಿ ಲೇಖಕ ಲಾರೆನ್ಸ್ ಗ್ಯಾಲ್ಟನ್ ಜೊತೆಗೂಡಿ ಥೈರಾಯ್ಡ್ ಕೊರತೆಯನ್ನು ಕುರಿತು ಅವರು ಹೊರತಂದ ಪುಸ್ತಕ ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಜನಸಂಖ್ಯೆಯ ಶೇ. 40ರಷ್ಟು ಮಂದಿಗೆ ಈ ಕೊರತೆಯಿದೆ ಎಂಬುದು ಅವರ ಅಂದಾಜು. ಅವರ ವಿಧಾನದ ದುರ್ಬಲ ಕೊಂಡಿ ಇಲ್ಲೇ ಕಾಣಿಸುತ್ತದೆ. ಬಾಯಿಯ ತಾಪಮಾನಕ್ಕಿಂತ ಕಂಕುಳ ತಾಪಮಾನ ಸಾಮಾನ್ಯವಾಗಿ ಕಡಿಮೆ. ದಿನದ ಪೈಕಿ ಮೈ ಅತ್ಯಂತ ತಣ್ಣಗಿರುವ ವೇಳೆಯೂ ನಸುಕೇ. ಇಂತಹ ಹೊತ್ತಿನಲ್ಲಿ, ಇಂತಹ ಜಾಗದಲ್ಲಿ 97.8ರ ಗೆರೆ ಎಳೆದರೆ ಅದರ ಕೆಳಗೆ ಆರೋಗ್ಯವಂತರೂ ದಂಡಿಯಾಗಿ ಬೀಳುತ್ತಾರೆ. ರಕ್ತಹೀನತೆ, ಅತಿಯಾದ ಪಥ್ಯ, ವೃದ್ಧಾಪ್ಯ ಕೂಡ ಚಳಿಯನ್ನೋ ಮೈಶಾಖದ ಇಳಿಕೆಯನ್ನೋ ತರಬಲ್ಲವು. 1868ರಲ್ಲಿ ಜರ್ಮನಿಯ ವುಂಡರ್ಲಿಶ್ ಹಾಕಿಕೊಟ್ಟ 98.6 ಡಿಗ್ರಿಯ ಮಾನದಂಡವೇ ಇಂದಿನ ಜನಕ್ಕೆ ಹೊಂದದು: ಒಂದೂವರೆ ಶತಮಾನದಲ್ಲಿ ಅಮೆರಿಕನ್ನರ ಸರಾಸರಿ ಮೈಶಾಖ ಇಳಿದಿದೆಯೆಂದು 2020ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ತೋರಿಸಿದರು.

ಪರೀಕ್ಷೆ ಸಹಜವಿದ್ದರೂ ಲಕ್ಷಣಗಳಿಂದ ಬಳಲುವವರಿಗೆ ಥೈರಾಕ್ಸಿನ್ ಕೊಟ್ಟರೆ ಗುಣವಾಗುವುದೇ? ಸ್ಕಾಟ್ಲೆಂಡಿನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ ಅದು ಹುಸಿಮಾತ್ರೆಗಿಂತ ಮೇಲಾಗಲಿಲ್ಲ. ಅನಗತ್ಯ ಹಾರ್ಮೋನು ಹೃದಯದ ಲಯ ತಪ್ಪಿಸಬಲ್ಲದು, ಮೂಳೆ ಸವೆಸಬಲ್ಲದು. ಆದ್ದರಿಂದ ಕೊಟ್ಟು ನೋಡಿದರೆ ನಷ್ಟವೇನು ಎನ್ನುವಂತಿಲ್ಲ.

ಆದರೂ ಬಾರ್ನ್ಸ್ ಹೇಳಿದ್ದೆಲ್ಲವೂ ಗಾಳಿಗೆ ಹೋಗಲಿಲ್ಲ. ಥೈರಾಕ್ಸಿನ್ ಸೇವಿಸಿ ಪರೀಕ್ಷೆಯ ಅಂಕಿ ಸರಿಹೋದ ಮೇಲೂ ಆಯಾಸ ನೀಗದ ರೋಗಿಗಳಿದ್ದಾರೆಂಬುದನ್ನು ಇಂದು ತಜ್ಞರು ಒಪ್ಪುತ್ತಾರೆ. 2013ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 70 ರೋಗಿಗಳಿಗೆ, ಯಾವುದೆಂದು ತಿಳಿಸದೆ, ಕೃತಕ ಥೈರಾಕ್ಸಿನ್ ಮತ್ತು ಒಣಗ್ರಂಥಿಯ ಮಾತ್ರೆ ಎರಡನ್ನೂ ಸರದಿಯಂತೆ ನೀಡಲಾಯಿತು. ಲಕ್ಷಣಗಳ ಮಾಪನದಲ್ಲಿ ಅಂತರ ಕಾಣಲಿಲ್ಲ, ಆದರೆ ಸುಮಾರು ಅರ್ಧದಷ್ಟು ಮಂದಿ ಒಣಗ್ರಂಥಿಯೇ ಮೇಲೆಂದು ಆಯ್ದುಕೊಂಡರು. ಹಂದಿಯ ಗ್ರಂಥಿಯಲ್ಲಿ ತೀವ್ರವಾದ ಟಿ-3 ಹಾರ್ಮೋನಿನ ಪಾಲು ಮನುಷ್ಯನ ಗ್ರಂಥಿಯದಕ್ಕಿಂತ ಬಹಳ ಹೆಚ್ಚಿರುವುದರಿಂದ ಅದನ್ನು ಮೊದಲ ಆಯ್ಕೆಯಾಗಿ ಶಿಫಾರಸು ಮಾಡಲು ವೈದ್ಯ ಸಂಘಗಳು ಹಿಂಜರಿಯುತ್ತವೆ.

ಕೊನೆಗಾಲದಲ್ಲಿ ಬಾರ್ನ್ಸ್ ಅವರ ಹೆಸರಿನಲ್ಲಿ ಸಂಶೋಧನಾ ಪ್ರತಿಷ್ಠಾನವೊಂದು ಸ್ಥಾಪನೆಗೊಂಡು ಅವರ ಬರಹಗಳನ್ನು ಹಂಚತೊಡಗಿತು. 1988ರಲ್ಲಿ ಅವರು ನಿಧನರಾದ ಬೆನ್ನಲ್ಲೇ, 1990ರ ಹೊತ್ತಿಗೆ ಫ್ಲಾರಿಡಾದಲ್ಲಿ ವಿಲ್ಸನ್ ಸಿಂಡ್ರೋಮ್ ಎಂಬ ಹೊಸ ಹೆಸರಿನ ಕಾಯಿಲೆ ತಲೆಯೆತ್ತಿತು. ಕಡಿಮೆ ಮೈಶಾಖವೇ ಅದರ ಗುರುತು, ಟಿ-3 ಮಾತ್ರೆಯೇ ಅದರ ಮದ್ದು. ಅಂತಹ ಕಾಯಿಲೆಯ ಅಸ್ತಿತ್ವಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಅಮೆರಿಕದ ಥೈರಾಯ್ಡ್ ಸಂಘ ಪ್ರಕಟಣೆ ಹೊರಡಿಸಿತು. ಬಾರ್ನ್ಸ್ ನೆಚ್ಚಿದ್ದ ಪಾದರಸದ ಥರ್ಮಾಮೀಟರ್, ಪರಿಸರದ ಕಾರಣಕ್ಕೆ ಹಲವು ದೇಶಗಳಲ್ಲಿ ಅಂಗಡಿಗಳಿಂದಲೇ ಮರೆಯಾಗಿದೆ. ಅವರ ಅನುಯಾಯಿಗಳು ಈಗ ಅದೇ ಹತ್ತು ನಿಮಿಷವನ್ನು ಡಿಜಿಟಲ್ ಉಪಕರಣದೊಂದಿಗೆ ಕಳೆಯುತ್ತಾರೆ.