ಜೋ ಡೇವಿಸ್

ಜೋ ಡೇವಿಸ್ (15 ಏಪ್ರಿಲ್ 1901 – 10 ಜುಲೈ 1978) ಇಂಗ್ಲೆಂಡಿನ ವೃತ್ತಿಪರ ಸ್ನೂಕರ್ ಮತ್ತು ಬಿಲಿಯರ್ಡ್ಸ್ ಆಟಗಾರರು. 1927ರಿಂದ 1946ರವರೆಗೆ ನಡೆದ 15 ವಿಶ್ವ ಸ್ನೂಕರ್ ಚಾಂಪಿಯನ್‌ಷಿಪ್‌ಗಳನ್ನೂ ಗೆದ್ದು, ಆ ಸ್ಪರ್ಧೆಯಲ್ಲಿ ಒಮ್ಮೆಯೂ ಸೋಲದೆ ನಿವೃತ್ತರಾದರು. ಅಧಿಕೃತವೆಂದು ಅಂಗೀಕೃತವಾದ ಮೊದಲ 147 ಅಂಕಗಳ ಬ್ರೇಕ್ ಕೂಡ ಇವರದೇ. ಆದರೆ ಆ ಅಂಗೀಕಾರ ದೊರೆಯಲು ಎರಡು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಆರಂಭಿಕ ಜೀವನ

ಡೇವಿಸ್ ಡರ್ಬಿಷೈರ್‌ನ ವಿಟ್‌ವೆಲ್ ಎಂಬ ಊರಿನಲ್ಲಿ ಜನಿಸಿದರು. ಗಣಿ ಕಾರ್ಮಿಕರಾಗಿದ್ದ ತಂದೆ ಮುಂದೆ ಚೆಸ್ಟರ್‌ಫೀಲ್ಡ್ ಬಳಿ ಪಾನಗೃಹವೊಂದನ್ನು ನಡೆಸತೊಡಗಿದರು. ಬಾಲಕ ಜೋ ಬಿಲಿಯರ್ಡ್ಸ್ ಕಲಿತದ್ದು ಬಾಲ್ಯದಲ್ಲೇ. 13ನೆಯ ವಯಸ್ಸಿಗೆ ಚೆಸ್ಟರ್‌ಫೀಲ್ಡ್ ಪ್ರದೇಶದ ಪ್ರಶಸ್ತಿಯನ್ನು ಪಡೆದರು. 1919ರಲ್ಲಿ ವೃತ್ತಿಪರರಾದರು. ಬಿಲಿಯರ್ಡ್ಸ್‌ನಲ್ಲಿ 1928ರಿಂದ 1932ರ ನಡುವೆ ನಾಲ್ಕು ಬಾರಿ ವಿಶ್ವ ಪ್ರಶಸ್ತಿ ಗೆದ್ದರು.

ಸ್ನೂಕರ್‌ನ ಬೆಳವಣಿಗೆ

1875ರಲ್ಲಿ ಜಬಲ್‌ಪುರದ ಸೇನಾಧಿಕಾರಿಗಳ ನಡುವೆ ಹುಟ್ಟಿತೆಂದು ಹೇಳಲಾಗುವ ಸ್ನೂಕರ್, 1920ರ ದಶಕದಲ್ಲೂ ಬಿಲಿಯರ್ಡ್ಸ್‌ನ ನೆರಳಿನಲ್ಲೇ ಇತ್ತು. ಬರ್ಮಿಂಗ್‌ಹ್ಯಾಮ್‌ನ ಬಿಲ್ ಕ್ಯಾಮ್ಕಿನ್ ಅವರ ನೆರವಿನಿಂದ ಡೇವಿಸ್ ಮೊದಲ ವಿಶ್ವ ಸ್ಪರ್ಧೆಗೆ ಚಾಲನೆ ನೀಡಿದರು. 1927ರ ಅಂತಿಮ ಪಂದ್ಯದಲ್ಲಿ ಟಾಮ್ ಡೆನ್ನಿಸ್ ಅವರನ್ನು ಸೋಲಿಸಿದ ಡೇವಿಸ್‌ಗೆ ದೊರೆತ ಮೊತ್ತ ಕೇವಲ 6 ಪೌಂಡ್ 10 ಷಿಲಿಂಗ್. ಪ್ರವೇಶ ಶುಲ್ಕದ ಅರ್ಧ ಭಾಗದಿಂದ ಕೊಂಡ ಆ ಟ್ರೋಫಿಯನ್ನೇ ಇಂದಿಗೂ ವಿಜೇತರಿಗೆ ನೀಡಲಾಗುತ್ತದೆ.

147ರ ಬ್ರೇಕ್ ಮತ್ತು ನಿಯಮದ ಪ್ರಶ್ನೆ

ಸ್ನೂಕರ್‌ನಲ್ಲಿ 15 ಕೆಂಪು ಚೆಂಡುಗಳಲ್ಲಿ ಪ್ರತಿಯೊಂದರ ಬೆನ್ನಿಗೂ ಕಪ್ಪು ಚೆಂಡನ್ನು ಪಾಕೆಟ್‌ಗೆ ಹಾಕಿದರೆ 120 ಅಂಕ. ನಂತರ ಆರು ಬಣ್ಣಗಳಿಂದ 27. ಒಟ್ಟು 147. ನ್ಯೂಜಿಲೆಂಡ್‌ನ ಮರ್ಟ್ ಒ'ಡೊನೊಹ್ಯೂ 1934ರಲ್ಲಿಯೇ ಆಸ್ಟ್ರೇಲಿಯಾದಲ್ಲಿ ಇದನ್ನು ಸಾಧಿಸಿದ್ದರಾದರೂ ಅದು ಅಧಿಕೃತ ದಾಖಲೆಯಾಗಲಿಲ್ಲ. 22 ಜನವರಿ 1955ರಂದು, ಮುಚ್ಚುವ ಹಂತದಲ್ಲಿದ್ದ ಲಂಡನ್ನಿನ ಲೀಸೆಸ್ಟರ್ ಸ್ಕ್ವೇರ್ ಹಾಲ್‌ನಲ್ಲಿ, ವಿಲ್ಲಿ ಸ್ಮಿತ್ ವಿರುದ್ಧದ ಪ್ರದರ್ಶನ ಪಂದ್ಯದಲ್ಲಿ ಡೇವಿಸ್ ಈ ಗುರಿ ಮುಟ್ಟಿದರು. ಆಗ ಅವರ ವಯಸ್ಸು 53.

ಆಟದ ಆಡಳಿತ ಸಂಸ್ಥೆಯಾದ ಬಿಲಿಯರ್ಡ್ಸ್ ಅಸೋಸಿಯೇಷನ್ ಅಂಡ್ ಕಂಟ್ರೋಲ್ ಕೌನ್ಸಿಲ್ ಈ ಬ್ರೇಕನ್ನು ಮಾನ್ಯ ಮಾಡಲು ಮೊದಲು ನಿರಾಕರಿಸಿತು. ಚೆಂಡುಗಳ ಎಣಿಕೆಯಲ್ಲಾಗಲಿ ಹೊಡೆತಗಳಲ್ಲಾಗಲಿ ದೋಷವೆಂದಲ್ಲ. ಪಂದ್ಯ ತನ್ನ ನಿಯಮಗಳಂತೆ ನಡೆದಿರಲಿಲ್ಲವೆಂಬುದು ಅದರ ಆಕ್ಷೇಪ. ಎದುರಾಳಿ ಫೌಲ್ ಮಾಡಿದಾಗ, ಮುಂದಿನ ಹೊಡೆತವನ್ನೂ ಅವರೇ ಆಡಬೇಕೆಂದು ಒತ್ತಾಯಿಸುವ ಆಯ್ಕೆಯನ್ನು ವೃತ್ತಿಪರರು ಬಳಸುತ್ತಿದ್ದರು. ಸಂಸ್ಥೆಯ ನಿಯಮಾವಳಿಯಲ್ಲಿ ಈ ಅವಕಾಶವಿರಲಿಲ್ಲ. 147ರ ಬ್ರೇಕ್ ಎಂದರೆ ಒಬ್ಬನೇ ಆಟಗಾರ ಫೌಲ್ ಇಲ್ಲದೆ ಆಡಿದ ಒಂದೇ ಸರದಿ. ಹೀಗಾಗಿ ವಿವಾದಿತ ನಿಯಮ ಆ ಸರದಿಯೊಳಗೆ ಅನ್ವಯವಾಗುವ ಸಂದರ್ಭವೇ ಇಲ್ಲ. ಆದರೂ ಎರಡು ನಿಯಮಾವಳಿಗಳಡಿ ಆಡಿದ ಪಂದ್ಯಗಳನ್ನು ಒಂದೇ ದಾಖಲೆ ಪುಸ್ತಕಕ್ಕೆ ಸೇರಿಸಬಹುದೇ ಎಂಬ ಪ್ರಶ್ನೆ ಅರ್ಥವಿಲ್ಲದ್ದಾಗಿರಲಿಲ್ಲ. ವೃತ್ತಿಪರರಿಗೂ ಸಂಸ್ಥೆಗೂ ನಡುವೆ 1952ರಿಂದಲೇ ವಿಶ್ವ ಚಾಂಪಿಯನ್‌ಷಿಪ್ ಕುರಿತು ಬಿರುಕು ಮೂಡಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು.

ಕೊನೆಗೆ 20 ಮಾರ್ಚ್ 1957ರ ಸಭೆಯಲ್ಲಿ ಸಂಸ್ಥೆ ಬ್ರೇಕನ್ನು ಅಂಗೀಕರಿಸಿ, ಡೇವಿಸ್ ಅವರಿಗೆ ಪ್ರಮಾಣಪತ್ರ ನೀಡಿತು. ತಕರಾರಿಗೆ ಕಾರಣವಾಗಿದ್ದ ಆ ನಿಯಮ ಇಂದು ಸ್ನೂಕರ್‌ನ ಸಾಮಾನ್ಯ ನಿಯಮವಾಗಿದೆ.

ನಂತರದ ವರ್ಷಗಳು

1959ರಲ್ಲಿ ಡೇವಿಸ್ ಕಿತ್ತಳೆ (8 ಅಂಕ) ಮತ್ತು ನೇರಳೆ (10 ಅಂಕ) ಚೆಂಡುಗಳನ್ನು ಸೇರಿಸಿ 'ಸ್ನೂಕರ್ ಪ್ಲಸ್' ಎಂಬ ಆಟವನ್ನು ರೂಪಿಸಿದರು. ಇದರಲ್ಲಿ ಗರಿಷ್ಠ ಬ್ರೇಕ್ 210 ಆಗುತ್ತಿತ್ತು; ಆಟ ಮಾತ್ರ ಜನಪ್ರಿಯವಾಗಲಿಲ್ಲ. 1963ರಲ್ಲಿ ಅವರಿಗೆ ಒಬಿಇ ಗೌರವ ಸಂದಿತು. ಹ್ಯಾಂಡಿಕ್ಯಾಪ್ ಇಲ್ಲದ ಪಂದ್ಯಗಳಲ್ಲಿ ಅವರನ್ನು ಸೋಲಿಸಿದ ಏಕೈಕ ಆಟಗಾರ ಅವರ ತಮ್ಮ ಫ್ರೆಡ್ ಡೇವಿಸ್. 1978ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪೆರ್ರಿ ಮ್ಯಾನ್ಸ್ ವಿರುದ್ಧ ಫ್ರೆಡ್ ಆಡುತ್ತಿದ್ದ ಸೆಮಿಫೈನಲ್ ನೋಡುತ್ತಿದ್ದಾಗ ಜೋ ಅಸ್ವಸ್ಥರಾದರು. ಅದೇ ವರ್ಷ ಜುಲೈ 10ರಂದು ಹ್ಯಾಂಪ್‌ಷೈರ್‌ನಲ್ಲಿ ನಿಧನರಾದರು.