ಬೆರಳುದ್ದದ ವಾಷಿಂಗ್‌ಟನ್

ಸ್ವಾತಂತ್ರ್ಯವೀರರ ಬೆರಳುದ್ದದ ಬೊಂಬೆಗಳನ್ನು ಸೀಸದಲ್ಲಿ ಎರಕಹೊಯ್ದು, ಬಣ್ಣ ಹಚ್ಚಿ ಮನೆಯಲ್ಲಿರಿಸಿಕೊಳ್ಳುವ ಹವ್ಯಾಸವು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಬಂದಿದೆ. ಅಮೆರಿಕೆಯ ಜಾರ್ಜ್ ವಾಷಿಂಗ್‌ಟನ್ನನ ಬೊಂಬೆಗೆ ಬಣ್ಣ ಹಾಕುವುದು ಮೇಲುನೋಟಕ್ಕೆ ಸುಲಭ. ನೀಲಿಯ ಮೇಲಂಗಿ, ನಸುಹಳದಿಯ ಒಳಅಂಗಿ, ಹೊಂಬಣ್ಣದ ಗುಂಡಿಗಳು, ಬಿಳಿಯ ಕೂದಲು. ಇಷ್ಟಾದರೆ ಗುರುತು ಸಿಕ್ಕಿತು. ಆದರೆ ಆ ಬಿಳುಪು ಕೃತಕ ಕೇಶದ್ದಲ್ಲ. ಸ್ವಂತ ಕೂದಲಿಗೆ ಪುಡಿ ಹಚ್ಚಿದುದರಿಂದ ಬಂದುದು. ಪುಡಿಯ ಕೆಳಗಿನ ಮನುಷ್ಯನನ್ನು ಅರಿಯಲು ಆತನ ಜೀವಿತವನ್ನೇ ನೋಡಬೇಕು.

1732ನೆಯ ಫೆಬ್ರವರಿ 22ರಂದು ವರ್ಜೀನಿಯದಲ್ಲಿ ಜನಿಸಿದ ಈತನು ಹನ್ನೊಂದನೆಯ ವಯಸ್ಸಿನಲ್ಲಿ ಪಿತೃಹೀನನಾದನು. ತಾರುಣ್ಯದಲ್ಲಿ ಭೂಮಾಪನ ವೃತ್ತಿಯನ್ನು ಕೈಕೊಂಡನು. 1751ರಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ತಗುಲಿದ ಸಿಡುಬು ಮುಖದ ಮೇಲೆ ಕಲೆಗಳನ್ನುಳಿಸಿತು. ಮೊದಲು ಆಂಗ್ಲರ ಪಕ್ಷದಲ್ಲಿಯೇ ನಿಂತು ಫ್ರೆಂಚರೊಡನೆ ಕಾದಿದ ಈತನು, 1775ರ ಜೂನಿನಲ್ಲಿ ಅದೇ ಆಂಗ್ಲರ ವಿರುದ್ಧ ಸೇನಾಧಿಪತಿಯಾದನು. ವೇತನವನ್ನು ನಿರಾಕರಿಸಿ, ವೆಚ್ಚವನ್ನು ಮಾತ್ರ ಪಡೆಯಲೊಪ್ಪಿದನು.

ಆತನ ಯುದ್ಧಜೀವನದಲ್ಲಿ ಜಯಗಳಿಗಿಂತ ಸಹನೆಯೇ ದೊಡ್ಡದು. 1776ರಲ್ಲಿ ನ್ಯೂಯಾರ್ಕ್ ಕೈಬಿಟ್ಟಿತು. ಆ ವರ್ಷದ ಡಿಸೆಂಬರ್ 25ರ ರಾತ್ರಿ, ಹಿಮಗಡ್ಡೆಗಳು ತೇಲುತ್ತಿದ್ದ ಡೆಲವೇರ್ ನದಿಯನ್ನು ದಾಟಿ ಟ್ರೆಂಟನ್ನಿನಲ್ಲಿ ಶತ್ರುವನ್ನು ಬಡಿದನು. ಮರುವರ್ಷದ ಚಳಿಗಾಲದಲ್ಲಿ ವ್ಯಾಲಿ ಫೋರ್ಜ್ ಶಿಬಿರದಲ್ಲಿ ಹಸಿವು ರೋಗಗಳಿಂದ ಸೈನಿಕರು ಸಾಯುತ್ತಿದ್ದರೂ ದಂಡು ಚದುರದಂತೆ ಕಾಪಾಡಿದನು. 1781ರ ಅಕ್ಟೋಬರಿನಲ್ಲಿ, ಫ್ರೆಂಚರ ನೆರವಿನಿಂದ, ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನ ಸೇನೆಯನ್ನು ಶರಣಾಗಿಸಿದನು. ಅಲ್ಲಿ ಸೋತ ಈ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪು ಸುಲ್ತಾನನ ಅರ್ಧರಾಜ್ಯವನ್ನೂ ಇಬ್ಬರು ಪುತ್ರರನ್ನು ಒತ್ತೆಯಾಗಿಯೂ ಪಡೆದನೆಂಬುದು ಕನ್ನಡಿಗರು ಮರೆಯಲಾಗದ ಸಂಗತಿ.

ಗೆದ್ದ ಸೇನಾಪತಿಯು ಸಿಂಹಾಸನವನ್ನೇರುವುದು ಲೋಕರೂಢಿ. 1782ರಲ್ಲಿ ಸೇನಾಧಿಕಾರಿಯೊಬ್ಬನು ರಾಜತ್ವದ ಸೂಚನೆಯನ್ನು ಮುಂದಿಟ್ಟಾಗ ವಾಷಿಂಗ್‌ಟನ್ನನು ಅದನ್ನು ಕಠಿಣವಾಗಿ ಖಂಡಿಸಿದನು. 1783ರ ಡಿಸೆಂಬರ್ 23ರಂದು ಅನ್ನಾಪೊಲಿಸ್ ನಗರದಲ್ಲಿ ಪ್ರತಿನಿಧಿಸಭೆಗೆ ಅಧಿಕಾರಪತ್ರವನ್ನು ಹಿಂದಿರುಗಿಸಿ, ಮೌಂಟ್ ವರ್ನನ್ನಿನ ತನ್ನ ಹೊಲಮನೆಗೆ ಹಿಂತೆರಳಿದನು. 1789ರಲ್ಲಿ ಪ್ರಥಮಾಧ್ಯಕ್ಷನಾಗಿ, ಎರಡು ಅವಧಿಗಳಾದ ಮೇಲೆ, 1797ರಲ್ಲಿ ಆ ಪದವಿಯನ್ನೂ ಬಿಟ್ಟುಕೊಟ್ಟನು. 1799ರ ಡಿಸೆಂಬರ್ 14ರಂದು ನಿಧನನಾದನು.

ಆದರೆ ಚಿತ್ರಕಾರನು ಬೆಳಕನ್ನಷ್ಟೇ ಬರೆದರೆ ಅದು ಆತನ ಪ್ರತಿಮೆಯಾಗದು. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಈ ಪುರುಷನ ಹೊಲಮನೆಯಲ್ಲಿ, ಆತನು ತೀರಿಕೊಂಡ ವರ್ಷ, 300ಕ್ಕೂ ಹೆಚ್ಚು ಗುಲಾಮರಿದ್ದರು. 1796ರಲ್ಲಿ ತಪ್ಪಿಸಿಕೊಂಡು ಹೋದ ತರುಣಿಯೊಬ್ಬಳನ್ನು ಮರಳಿ ಹಿಡಿತರಿಸಲು ಆತನೇ ಯತ್ನಿಸಿದನು. ತನ್ನ ಸ್ವಂತ ಗುಲಾಮರನ್ನು ಪತ್ನಿಯ ಕಾಲಾನಂತರ ಬಿಡುಗಡೆ ಮಾಡಬೇಕೆಂದು ಮರಣಶಾಸನದಲ್ಲಿ ವಿಧಿಸಿದನಾದರೂ, ಆ ನ್ಯಾಯವು ಬಹಳ ತಡವಾಗಿ ಬಂದಿತು.

ಆದುದರಿಂದ ಆ ಪುಟ್ಟ ಮುಖದ ಮೇಲೆ ಸಿಡುಬಿನ ಕಲೆಗಳೂ ಇರಲಿ, ನೆರಳೂ ಇರಲಿ. ಕೈಗೆ ಎತ್ತಿದ ಖಡ್ಗಕ್ಕಿಂತ ಹಿಂದಿರುಗಿಸಿದ ಅಧಿಕಾರಪತ್ರವೇ ಒಪ್ಪುವುದು. ಖಡ್ಗವನ್ನೆತ್ತಿದವರು ಚರಿತ್ರೆಯಲ್ಲಿ ಅನೇಕರು. ಗೆದ್ದ ಮೇಲೆ ಅಧಿಕಾರವನ್ನು ಜನರಿಗೆ ಒಪ್ಪಿಸಿ ಮನೆಗೆ ಮರಳಿದವರು ವಿರಳ.