ಜಾನ್ ವೆಸ್ಲಿಯವರೂ ಅವರು ಕಟ್ಟಿದ ಸಂಘಗಳೂ

ಜಾನ್ ವೆಸ್ಲಿಯವರ ಹೆಸರನ್ನು ಕೇಳದ ಸಭೆಯವರು ನಮ್ಮಲ್ಲಿ ವಿರಳ. ಅವರು ಕುದುರೆಯ ಮೇಲೆ ಊರೂರು ತಿರುಗಿ ಸುವಾರ್ತೆ ಸಾರಿದ್ದನ್ನೂ ದುಷ್ಟರ ಗುಂಪುಗಳಿಂದ ಕಲ್ಲೇಟು ತಿಂದದ್ದನ್ನೂ ನಮ್ಮ ವಾಚಕರು ಅನೇಕ ಸಾರಿ ಕೇಳಿರುವರು. ಆದರೆ ಆ ಪ್ರಸಂಗಗಳನ್ನು ಕೇಳಿ ಮನಸ್ಸು ತಿರುಗಿಸಿಕೊಂಡ ಬಡವರು ಮರುವಾರ ಏನಾದರು? ಅವರನ್ನು ವಿಚಾರಿಸುವವರು ಯಾರಿದ್ದರು? ಕಟ್ಟಿಸಿದ ಮಂದಿರದ ಸಾಲವನ್ನು ಯಾರು ತೀರಿಸಿದರು? ವೆಸ್ಲಿಯವರು ಮಣ್ಣುಪಾಲಾದ ಮೇಲೆ ಅದೆಲ್ಲವೂ ಚದರಿಹೋಗದೆ ನಿಂತದ್ದು ಹೇಗೆ? ಈ ಸಂಗತಿಗಳನ್ನು ಹೇಳುವವರು ಕಡಿಮೆ. ಆದಕಾರಣ ಅವರ ಜೀವಿತದ ಆ ಭಾಗವನ್ನೇ ನಾವು ಈಗ ಬರೆಯುತ್ತೇವೆ.

ಇಂಗ್ಲೆಂಡಿನ ಲಿಂಕನ್‌ಷೈರ್ ಸೀಮೆಯಲ್ಲಿ ಎಪ್‌ವರ್ತ್ ಎಂಬ ಗ್ರಾಮವುಂಟು. ಅಲ್ಲಿಯ ಪಾದ್ರಿಗಳಾದ ಸಾಮ್ಯುವೆಲ್ ವೆಸ್ಲಿಯವರಿಗೂ ಅವರ ಪತ್ನಿಯಾದ ಸುಸಾನಮ್ಮನವರಿಗೂ 1703ನೆಯ ಇಸವಿ ಜೂನ್ ತಿಂಗಳಲ್ಲಿ ಜಾನ್ ಹುಟ್ಟಿದರು. ಐದು ವರ್ಷದ ಬಾಲಕನಾಗಿದ್ದಾಗ, 1709ರಲ್ಲಿ, ಮನೆಗೆ ಬೆಂಕಿ ಬಿದ್ದು ಮೇಲಂತಸ್ತಿನಲ್ಲಿ ಸಿಕ್ಕಿಕೊಂಡ ಆತನನ್ನು ನೆರೆಯವರು ಕಿಟಕಿಯಿಂದ ಇಳಿಸಿದ ಕಥೆಯನ್ನು ಎಲ್ಲರೂ ಬಲ್ಲರು. ನಮ್ಮ ವಿಷಯಕ್ಕೆ ಅದಕ್ಕಿಂತ ಹತ್ತಿರವಾದ ಸಂಗತಿ ಇನ್ನೊಂದುಂಟು. 1711–12ರ ಚಳಿಗಾಲದಲ್ಲಿ ತಂದೆಯು ಕಾರ್ಯನಿಮಿತ್ತ ಲಂಡನ್ನಿನಲ್ಲಿದ್ದಾಗ, ತಾಯಿಯು ಭಾನುವಾರ ಸಂಜೆ ತನ್ನ ಮಕ್ಕಳನ್ನೂ ಆಳುಗಳನ್ನೂ ಅಡಿಗೆಮನೆಯಲ್ಲಿ ಕೂಡಿಸಿ ಪ್ರಸಂಗಗಳನ್ನು ಓದಿ ಪ್ರಾರ್ಥಿಸುತ್ತಿದ್ದರು. ನೆರೆಹೊರೆಯವರು ಒಬ್ಬೊಬ್ಬರಾಗಿ ಬಂದು ಸೇರಿ ಕಡೆಗೆ 200 ಮಂದಿಯಾದರು. ಸಭೆಯ ಕೆಲಸ ನೋಡುತ್ತಿದ್ದ ಉಪಪಾದ್ರಿಗೆ ಇದು ಸಹಿಸದೆ, ಹೆಂಗಸು ಹೀಗೆ ಕೂಟ ನಡಿಸುವುದು ಕ್ರಮವಲ್ಲವೆಂದು ಯಜಮಾನರಿಗೆ ದೂರು ಬರೆದನು. ಯಜಮಾನರು ನಿಲ್ಲಿಸೆಂದು ಸೂಚಿಸಲು, ಸುಸಾನಮ್ಮನವರು ಸೂಚನೆ ಸಾಲದು, ಸ್ಪಷ್ಟವಾಗಿ ಆಜ್ಞಾಪಿಸಬೇಕು, ಆ ಜನರ ಆತ್ಮಗಳ ಲೆಕ್ಕವನ್ನೂ ಆಜ್ಞಾಪಿಸಿದವರೇ ದೇವರ ಮುಂದೆ ಒಪ್ಪಿಸಬೇಕು ಎಂದು ಉತ್ತರ ಬರೆದರು. ಕೂಟ ನಡೆಯಿತು. ಆಗ ಜಾನನಿಗೆ ಎಂಟು ವರ್ಷ.

ಆಕ್ಸ್‌ಫರ್ಡಿನ ವಿದ್ಯಾಭ್ಯಾಸ, 1728ರಲ್ಲಿ ಪಾದ್ರಿಯಾಗಿ ಅಭಿಷೇಕ, ಅಲ್ಲಿಯ ಚಿಕ್ಕ ಭಕ್ತಮಂಡಲಿಗೆ ಕ್ರಮದವರು ಎಂಬರ್ಥದಲ್ಲಿ ಮೆಥೊಡಿಸ್ಟರೆಂದು ಬಂದ ಹಾಸ್ಯದ ಹೆಸರು, ಅಮೆರಿಕದ ಜಾರ್ಜಿಯಾದಲ್ಲಿ ಎರಡು ವರ್ಷ ಪಟ್ಟ ನಿಷ್ಫಲ ಶ್ರಮ, 1738ನೆಯ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯಲ್ಲಿ ದೊರೆತ ಹೃದಯದ ನಿಶ್ಚಯ, ಇವುಗಳನ್ನು ಇಲ್ಲಿ ಹೆಸರಿಸಿ ಮುಂದಕ್ಕೆ ಹೋಗುವೆವು. 1739ನೆಯ ಏಪ್ರಿಲ್ 2ರಂದು, ವೈಟ್‌ಫೀಲ್ಡ್ ಎಂಬ ಮಿತ್ರರ ಕರೆಗೆ ಓಗೊಟ್ಟು, ವೆಸ್ಲಿಯವರು ಬ್ರಿಸ್ಟಲ್ ಪಟ್ಟಣದ ಹೊರಗೆ ಬಯಲಿನಲ್ಲಿ ಪ್ರಸಂಗ ಮಾಡಿದರು. ಗುಡಿಯ ಹೊರಗೆ ಬಾಯಿ ತೆರೆಯುವುದೇ ಅಕ್ರಮವೆಂದು ಆ ವರೆಗೆ ನಂಬಿದ್ದ ಪಾದ್ರಿಗಳಿಗೆ ಇದು ಅತಿ ಕಷ್ಟದ ಹೆಜ್ಜೆಯಾಗಿತ್ತು. ಬಂದವರಾದರೋ ಕಿಂಗ್ಸ್‌ವುಡ್ಡಿನ ಕಲ್ಲಿದ್ದಲು ಗಣಿಯ ಕೂಲಿಗಳು. ಗುಡಿಯ ಬಾಗಿಲನ್ನು ತುಳಿಯದವರು.

ಈ ಜನರು ಕೂಡಲು ಅದೇ ವರ್ಷ ಬ್ರಿಸ್ಟಲಿನಲ್ಲಿ ಒಂದು ಮಂದಿರವನ್ನು ಕಟ್ಟಿಸಿದರು, ಸಾಲ ಬೆಳೆಯಿತು. 1742ನೆಯ ಫೆಬ್ರವರಿ 15ರಂದು ಸಂಘದ ಮುಖ್ಯಸ್ಥರು ಆ ಸಾಲವನ್ನು ತೀರಿಸುವ ಉಪಾಯವನ್ನು ಆಲೋಚಿಸಲು ಕೂಡಿದರು. ಫಾಯ್ ಎಂಬ ಹಡಗಿನ ಕಪ್ತಾನನು ಎದ್ದು, ಸಾಲ ತೀರುವ ತನಕ ಪ್ರತಿಯೊಬ್ಬನೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದನು. ಅನೇಕರಿಗೆ ಅಷ್ಟು ಕೊಡಲೂ ಗತಿಯಿಲ್ಲವೆಂದು ಯಾರೋ ಆಕ್ಷೇಪಿಸಿದರು. ಹಾಗಾದರೆ ಅತಿ ಬಡವರಾದ ಹನ್ನೊಂದು ಮಂದಿಯನ್ನು ತನಗೆ ಒಪ್ಪಿಸಿರಿ, ವಾರವಾರ ಅವರ ಮನೆಗೆ ಹೋಗಿ ಕೊಟ್ಟಷ್ಟನ್ನು ತೆಗೆದುಕೊಂಡು ಕಡಿಮೆ ಬಿದ್ದದ್ದನ್ನು ತಾನೇ ತುಂಬುವೆನು, ಉಳಿದವರೂ ಹೀಗೆಯೇ ಹನ್ನೊಂದು ಹನ್ನೊಂದು ಮಂದಿಯನ್ನು ವಹಿಸಿಕೊಳ್ಳಲಿ ಎಂದು ಆ ಕಪ್ತಾನನು ಹೇಳಿದನು. ಎಲ್ಲರೂ ಒಪ್ಪಿದರು.

ವಸೂಲಿಗೆ ಮನೆಮನೆ ಹೋದವರು ಪೆನ್ನಿಯೊಂದಿಗೆ ಸಮಾಚಾರವನ್ನೂ ತಂದರು. ಒಬ್ಬನು ಕುಡಿದು ಬಿದ್ದಿದ್ದನು. ಇನ್ನೊಬ್ಬನು ಮನೆಯವರೊಡನೆ ಜಗಳವಾಡುತ್ತಿದ್ದನು. ಆಗ ವೆಸ್ಲಿಯವರಿಗೆ ತಾವು ಬಹುದಿನದಿಂದ ಹುಡುಕುತ್ತಿದ್ದ ಸಾಧನ ಇದೇ ಎಂದು ಹೊಳೆಯಿತು. ಸಾವಿರಾರು ಜನರ ನಡತೆಯನ್ನು ಒಬ್ಬನೇ ವಿಚಾರಿಸಲಾರನು. ಹನ್ನೆರಡು ಮಂದಿಯನ್ನು ಒಬ್ಬನು ವಿಚಾರಿಸಬಲ್ಲನು. ಆ ವಸೂಲಿಗಾರರನ್ನೇ ಅವರು ವರ್ಗನಾಯಕರನ್ನಾಗಿ ಮಾಡಿದರು. ಮೋಶೆಗೆ ಅವನ ಮಾವನಾದ ಇತ್ರೋನು ಹೇಳಿದ ಬುದ್ಧಿ ನಮ್ಮ ವಾಚಕರ ನೆನಪಿಗೆ ಬರುವುದು ಸಹಜ. ಆದರೆ ಭೇದವನ್ನೂ ಗಮನಿಸಬೇಕು. ಇತ್ರೋನು ಮೊದಲೇ ಏರ್ಪಾಡನ್ನು ಬಾಯಿಂದ ಹೇಳಿಕೊಟ್ಟನು. ಬ್ರಿಸ್ಟಲಿನಲ್ಲಿಯಾದರೋ ಸಾಲಕ್ಕೆಂದು ಹುಟ್ಟಿದ ಏರ್ಪಾಡು ಹಿಂಡನ್ನು ಕಾಯುವ ಏರ್ಪಾಡಾಯಿತು. ವೆಸ್ಲಿಯವರ ಜಾಣತನವು ಅದನ್ನು ಯೋಚಿಸಿ ಕಂಡುಹಿಡಿದದ್ದರಲ್ಲಿ ಇಲ್ಲ. ಕಣ್ಣೆದುರು ಬಂದಾಗ ಗುರುತಿಸಿದ್ದರಲ್ಲಿ ಇದೆ.

ಅದೂ ಹುಟ್ಟಿದ ರೂಪದಲ್ಲಿ ಉಳಿಯಲಿಲ್ಲ. ಮನೆಮನೆಗೆ ಹೋಗಲು ನಾಯಕರಿಗೆ ಹೊತ್ತು ಸಾಲದು. ಪರರ ಮನೆಯಲ್ಲಿ ಆಳಾಗಿದ್ದವರನ್ನು ನೋಡಲು ಕೆಲವು ಯಜಮಾನರು ಬಿಡರು. ಒಬ್ಬನ ಮೇಲೊಬ್ಬನು ಚಾಡಿ ಹೇಳಿದರೆ ಇಬ್ಬರನ್ನೂ ಎದುರೆದುರು ನಿಲ್ಲಿಸಿ ಕೇಳಲಾಗದು. ಆದ್ದರಿಂದ ಹನ್ನೆರಡು ಮಂದಿಯೂ ವಾರಕ್ಕೊಮ್ಮೆ ಒಂದೇ ಕಡೆ ಕೂಡುವ ಪದ್ಧತಿ ಬಂದಿತು. ಮೂರು ತಿಂಗಳಿಗೊಮ್ಮೆ ವೆಸ್ಲಿಯವರಾಗಲಿ ಅವರ ಸಹಾಯಕರಾಗಲಿ ಬಂದು ಒಬ್ಬೊಬ್ಬರನ್ನೂ ಮಾತಾಡಿಸಿ ಚೀಟಿ ಕೊಡುವರು. ಚೀಟಿ ಹೊಸದಾಗದಿದ್ದರೆ ಆತನು ಸಂಘದವನಲ್ಲ. ಹೊರಗೆ ಹಾಕಿದೆವೆಂದು ಸಾರುವ ಗದ್ದಲವೇ ಬೇಕಾಗಿರಲಿಲ್ಲ. 1743ರಲ್ಲಿ ನ್ಯೂಕಾಸಲ್ ಎಂಬ ಊರಿನಲ್ಲಿ ಹೀಗೆ ಹೊರಗಾದವರು 64 ಮಂದಿ. ವೆಸ್ಲಿಯವರು ಕಾರಣಗಳನ್ನು ತಮ್ಮ ದಿನಚರಿಯಲ್ಲಿ ಲೆಕ್ಕ ಹಾಕಿ ಬರೆದಿಟ್ಟರು: ಕುಡಿತಕ್ಕಾಗಿ 17 ಮಂದಿ, ಸಾರಾಯಿ ಮಾರಿದ್ದಕ್ಕೆ ಇಬ್ಬರು, ಜಗಳಕ್ಕೆ ಮೂವರು, ಹೆಂಡತಿಯನ್ನು ಹೊಡೆದದ್ದಕ್ಕೆ ಒಬ್ಬನು, ಸೋಮಾರಿತನಕ್ಕೆ ಒಬ್ಬನು. ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಅಸಡ್ಡೆಯಿಂದ ನಡೆದವರದು, 29.

ಪ್ರಸಂಗಿಗಳ ಸಂಗತಿಯೂ ಹೀಗೆಯೇ. 1741ರ ಸುಮಾರಿಗೆ ವೆಸ್ಲಿಯವರು ಬ್ರಿಸ್ಟಲಿನಲ್ಲಿದ್ದಾಗ, ಲಂಡನ್ನಿನ ಸಂಘದಲ್ಲಿ ಥಾಮಸ್ ಮ್ಯಾಕ್ಸ್‌ಫೀಲ್ಡ್ ಎಂಬ ಅಭಿಷೇಕ ಹೊಂದದ ಯೌವನಸ್ಥನು ಪ್ರಸಂಗ ಮಾಡತೊಡಗಿದನೆಂಬ ವರ್ತಮಾನ ಬಂದಿತು. ಅದನ್ನು ಅಡಗಿಸಬೇಕೆಂದು ಅವರು ಕೋಪದಿಂದ ಲಂಡನ್ನಿಗೆ ಧಾವಿಸಿದರು. ಆಗ ವೃದ್ಧೆಯಾಗಿ ಅಲ್ಲಿಯೇ ವಾಸವಾಗಿದ್ದ ತಾಯಿಯು, ಮೊದಲು ಅವನ ಮಾತನ್ನು ಕೇಳು, ಅದರ ಫಲವನ್ನು ನೋಡು, ಆಮೇಲೆ ತೀರ್ಪು ಮಾಡು ಎಂದು ತಡೆದರು. ಅಡಿಗೆಮನೆಯಲ್ಲಿ ಕೂಟ ನಡಿಸಿದ ತಾಯಿಯಲ್ಲವೇ! ಮಗನು ಕೇಳಿ ಒಪ್ಪಿದರು. ಮುಂದೆ ಕಲ್ಲುಕುಟಿಗರೂ ಬಡಗಿಗಳೂ ರೊಟ್ಟಿ ಸುಡುವವರೂ ವೆಸ್ಲಿಯವರ ಪ್ರಸಂಗಿಗಳಾದರು. 1761ರಲ್ಲಿ ಸಾರಾ ಕ್ರಾಸ್ಬಿ ಎಂಬ ವರ್ಗನಾಯಕಿಯು ಡರ್ಬಿ ಪಟ್ಟಣದಲ್ಲಿ ಸುಮಾರು 30 ಮಂದಿಯನ್ನು ನಿರೀಕ್ಷಿಸಿದಲ್ಲಿ 200 ಮಂದಿ ಬರಲು, ಒಬ್ಬೊಬ್ಬರನ್ನು ವಿಚಾರಿಸಲಾರದೆ ಎಲ್ಲರಿಗೂ ಕೂಡಿ ಬುದ್ಧಿ ಹೇಳಿದಳು. ಇದು ತಪ್ಪೋ ಎಂದು ಆಕೆ ಬರೆದು ಕೇಳಿದಾಗ ವೆಸ್ಲಿಯವರು ತಪ್ಪೆನ್ನಲಿಲ್ಲ. ಅವರ ಮರಣಾನಂತರ 1803ರಲ್ಲಿ ಮಹಾಸಭೆಯು ಸ್ತ್ರೀಯರ ಪ್ರಸಂಗಕ್ಕೆ ಬಿಗಿಯಾದ ಕಟ್ಟು ಹಾಕಿತು. ಸ್ಥಾಪಕನು ಅಳುಕುತ್ತಾ ತೆರೆದ ಬಾಗಿಲನ್ನು ಅನುಯಾಯಿಗಳು ಧೈರ್ಯವಾಗಿ ಮುಚ್ಚಿದರೆಂದು ನಮಗೆ ತೋರುತ್ತದೆ.

1744ನೆಯ ಜೂನ್ ತಿಂಗಳಲ್ಲಿ ವೆಸ್ಲಿಯವರು ಆರು ಮಂದಿ ಅಭಿಷಿಕ್ತರೂ ನಾಲ್ವರು ಪ್ರಸಂಗಿಗಳೂ ಕೂಡಿದ ಮೊದಲನೆಯ ಮಹಾಸಭೆಯನ್ನು ಲಂಡನ್ನಿನಲ್ಲಿ ನಡಿಸಿದರು. ಏನು ಬೋಧಿಸಬೇಕು, ಹೇಗೆ ಬೋಧಿಸಬೇಕು, ಏನು ಮಾಡಬೇಕು ಎಂಬ ಮೂರೇ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ವಿಚಾರಿಸಿದರು. ಅಂದಿನಿಂದ ಅದು ವರ್ಷಕ್ಕೊಮ್ಮೆ ಕೂಡುವುದಾಯಿತು. 1746ರಲ್ಲಿ ದೇಶವನ್ನು ಏಳು ಸುತ್ತುಗಳಾಗಿ ಹಂಚಿದರು. ಅಧಿಕಾರಿಗಳು ಸರ್ಕೀಟು ಹೋಗುವುದೆಂದು ನಮ್ಮವರು ಹೇಳುವ ಮಾತಿನ ಮೂಲವೇ ಈ ಸುತ್ತುಗಳ ಇಂಗ್ಲಿಷ್ ಹೆಸರು. ಒಂದೊಂದು ಸುತ್ತಿನ ಪ್ರಸಂಗಿಗಳು ಊರಿಂದೂರಿಗೆ ಸಂಚರಿಸುವರು. ಒಂದೆರಡು ವರ್ಷಕ್ಕೆ ಬೇರೆ ಸುತ್ತಿಗೆ ಹೋಗುವರು. ತಾವೇ ಒಂದೇ ಊರಿನಲ್ಲಿ ವರ್ಷವೆಲ್ಲಾ ಪ್ರಸಂಗ ಮಾಡಿದರೆ ತಮಗೂ ಜನರಿಗೂ ತೂಕಡಿಕೆ ಬರುವುದೆಂದು ವೆಸ್ಲಿಯವರು ಎಣಿಸಿದ್ದರು. ಪ್ರಸಂಗಿಯು ಹೋಗುತ್ತಾ ಬರುತ್ತಾ ಇರುವನು. ಊರಲ್ಲಿ ನಿಲ್ಲುವವರು ವರ್ಗನಾಯಕರು. ಈ ಎರಡೂ ಕೂಡಿದ್ದರಿಂದಲೇ ಕೆಲಸ ನಡೆಯಿತು. ವೈಟ್‌ಫೀಲ್ಡರು ವೆಸ್ಲಿಯವರಿಗಿಂತ ದೊಡ್ಡ ವಾಗ್ಮಿಗಳು. ಆದರೆ ಕೇಳಿದವರನ್ನು ಹೀಗೆ ಕೂಡಿಸಿ ಕಟ್ಟಲಿಲ್ಲವಾದ್ದರಿಂದ 1770ರಲ್ಲಿ ಅವರು ತೀರಿದ ಮೇಲೆ ಅವರ ಫಲದ ಬಹುಭಾಗವನ್ನು ಬೇರೆಯವರು ಕೂಡಿಸಿಕೊಂಡರು.

ವೆಸ್ಲಿಯವರಲ್ಲಿ ಕುಂದಿಲ್ಲವೆಂದು ನಾವು ಬರೆಯಲಾರೆವು. 1751ರಲ್ಲಿ ಅವರು ಮಾಡಿಕೊಂಡ ವಿವಾಹವು ಇಬ್ಬರಿಗೂ ದುಃಖವಾಯಿತು. ಸಂಘಗಳಲ್ಲಿ ಅವರ ಮಾತೇ ಕಡೆಯ ಮಾತು. ಮಹಾಸಭೆಯವರು ಆಲೋಚನೆ ಹೇಳುವರು, ತೀರ್ಮಾನ ಅವರದು. ಪ್ರಸಂಗಿಗಳನ್ನು ಕರೆಯುವವರೂ ಕಳುಹಿಸುವವರೂ ತೆಗೆಯುವವರೂ ಅವರೇ. ಇದನ್ನು ಪೋಪನ ಆಳಿಕೆಯೆಂದು ಶತ್ರುಗಳು ಮಾತ್ರವಲ್ಲ, ಕೆಲವು ಮಿತ್ರರೂ ಗೊಣಗಿದರು. ಅವರಿಗೆ ವಯಸ್ಸು ಎಂಬತ್ತು ದಾಟಿದಾಗ, ಎಲ್ಲವೂ ಒಬ್ಬನ ಕೈಯಲ್ಲಿರುವ ಈ ಏರ್ಪಾಡು ಆ ಕೈ ತಣ್ಣಗಾದ ದಿನ ಏನಾಗುವುದೆಂಬ ಭಯ ಎಲ್ಲರಲ್ಲಿಯೂ ಹುಟ್ಟಿತು. 1773ರಲ್ಲಿಯೇ ಅವರು ಮೇಡ್ಲಿ ಗ್ರಾಮದ ಪಾದ್ರಿಗಳಾದ ಜಾನ್ ಫ್ಲೆಚರರನ್ನು ತಮ್ಮ ಸ್ಥಾನಕ್ಕೆ ಸಿದ್ಧವಾಗುವಂತೆ ಬೇಡಿದ್ದರು. ಆ ಭಕ್ತರು ಒಪ್ಪಲಿಲ್ಲ, 1785ರಲ್ಲಿ ತೀರಿಯೂ ಹೋದರು.

1784ನೆಯ ವರ್ಷವು ಎರಡು ಕಠಿಣವಾದ ಕಾರ್ಯಗಳನ್ನು ತಂದಿತು. ಅಮೆರಿಕದವರು ಯುದ್ಧ ಮಾಡಿ ಸ್ವತಂತ್ರರಾಗಿದ್ದರು. ಇಂಗ್ಲೆಂಡಿನ ಸಭೆಯ ಪಾದ್ರಿಗಳಲ್ಲಿ ಬಹು ಮಂದಿ ಅಲ್ಲಿಂದ ಹೊರಟುಹೋಗಿದ್ದರು. ಸುಮಾರು 15,000 ಮೆಥೊಡಿಸ್ಟರಿಗೆ ದೀಕ್ಷಾಸ್ನಾನ ಮಾಡಿಸುವವರೂ ಕರ್ತನ ಭೋಜನ ಕೊಡುವವರೂ ಇಲ್ಲವಾದರು. ವೆಸ್ಲಿಯವರು ಲಂಡನ್ನಿನ ಬಿಷಪ್ಪರನ್ನು ಒಬ್ಬನಿಗಾದರೂ ಅಭಿಷೇಕ ಕೊಡಿರೆಂದು ಕೇಳಿದ್ದರು, ಅವರು ಕೊಡಲಿಲ್ಲ. ಪ್ರಾಚೀನ ಸಭೆಯಲ್ಲಿ ಬಿಷಪ್ಪನೂ ಹಿರಿಯನೂ ಒಂದೇ ವರ್ಗದವರೆಂದು ಪೀಟರ್ ಕಿಂಗ್ ಎಂಬವರ ಗ್ರಂಥವನ್ನು ಓದಿ 1746ರಲ್ಲಿಯೇ ಅವರು ನಂಬಿದ್ದರೂ, ಆ ನಂಬಿಕೆಯ ಪ್ರಕಾರ ನಡೆಯದೆ 38 ವರ್ಷ ತಾಳಿಕೊಂಡಿದ್ದರು. ಆ ಸೆಪ್ಟೆಂಬರಿನಲ್ಲಿ ಬ್ರಿಸ್ಟಲಿನಲ್ಲಿ ಇಬ್ಬರು ಪ್ರಸಂಗಿಗಳಿಗೆ ತಾವೇ ಹಸ್ತಾರ್ಪಣೆ ಮಾಡಿ, ಥಾಮಸ್ ಕೋಕರನ್ನು ಮೇಲ್ವಿಚಾರಕರಾಗಿ ನೇಮಿಸಿ ಕಳುಹಿಸಿದರು. ತಮ್ಮನಾದ ಚಾರ್ಲ್ಸರಿಗೆ ಇದರಿಂದ ಅತಿ ವ್ಯಥೆಯಾಯಿತು. ಅತ್ತ ಅಮೆರಿಕದಲ್ಲಿದ್ದ ಫ್ರಾನ್ಸಿಸ್ ಆಸ್ಬರಿಯವರು, ವೆಸ್ಲಿಯವರ ನೇಮಕವೊಂದೇ ಸಾಲದು, ಪ್ರಸಂಗಿಗಳು ತಮ್ಮನ್ನು ಆರಿಸಬೇಕೆಂದರು. ಬಾಲ್ಟಿಮೋರಿನಲ್ಲಿ ಕ್ರಿಸ್‌ಮಸ್ ಕಾಲದಲ್ಲಿ ಕೂಡಿದವರು ಆರಿಸಿದರು. 1787ರಲ್ಲಿ ಅಲ್ಲಿಯವರು, ಸಭಾಪಾಲನೆಯಲ್ಲಿ ವೆಸ್ಲಿಯವರ ಅಪ್ಪಣೆಗೆ ಬದ್ಧರೆಂಬ ಮಾತನ್ನೇ ತಮ್ಮ ನಿಬಂಧನೆಯಿಂದ ತೆಗೆದುಹಾಕಿದರು. ಮುದುಕರಿಗೆ ನೋವಾಯಿತು, ಕೆಲಸ ಬೆಳೆಯಿತು. ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನ್ನು ಇಂಗ್ಲೆಂಡಿನ ಕವಲು. ಅದರ ಸಭೆಗಳು 1947ರಲ್ಲಿ ದಕ್ಷಿಣ ಇಂಡಿಯಾ ಐಕ್ಯಸಭೆಯಲ್ಲಿ ಸೇರಿದವು. ಕೋಲಾರಕ್ಕೂ ಬೀದರಿಗೂ ಬಂದದ್ದು ಈ ಅಮೆರಿಕದ ಕವಲು. ಕನ್ನಡ ನಾಡಿನಲ್ಲಿ ಎರಡೂ ನೀರು ಹರಿದವು.

ಎರಡನೆಯ ಕಾರ್ಯವು ಆಸ್ತಿಯದು. ಮಂದಿರಗಳ ಪತ್ರಗಳಲ್ಲಿ ಮಹಾಸಭೆಯು ಕಳುಹಿಸಿದ ಪ್ರಸಂಗಿಯೇ ಅಲ್ಲಿ ಬೋಧಿಸತಕ್ಕದ್ದೆಂದು ಬರೆದಿತ್ತು. ಆದರೆ ಮಹಾಸಭೆ ಎಂದರೆ ಯಾರು? ವೆಸ್ಲಿಯವರು ಆ ವರ್ಷ ಕರೆದವರು, ಅಷ್ಟೇ. ಅವರು ಸತ್ತರೆ ಕರೆಯುವವರಿಲ್ಲ. ಕೋರ್ಟಿನ ಮುಂದೆ ಆ ಮಾತಿಗೆ ಅರ್ಥವೇ ಇಲ್ಲ. ಆಗಲೇ ಬರ್ಸ್ಟಾಲ್ ಎಂಬ ಊರಿನ ಟ್ರಸ್ಟಿಗಳು ಪ್ರಸಂಗಿಗಳನ್ನು ಆರಿಸುವ ಹಕ್ಕು ತಮಗೇ ಇರಲೆಂದು ಹಟ ಹಿಡಿದಿದ್ದರು. ಹಾಗಾದರೆ ಸುತ್ತು ಮುರಿಯುವುದು. ಹಣವಂತರಿಗೆ ಒಪ್ಪುವ ಪ್ರಸಂಗಿ ಒಂದೇ ಊರಿನಲ್ಲಿ ಕೂರುವನು, ಬಡ ಊರುಗಳಿಗೆ ಯಾರೂ ಇರರು. 1784ನೆಯ ಫೆಬ್ರವರಿ 28ರಂದು ವೆಸ್ಲಿಯವರು ದಸ್ತಾವೇಜಿಗೆ ರುಜು ಹಾಕಿ, ಹೆಸರು ಹೆಸರಾಗಿ 100 ಮಂದಿ ಪ್ರಸಂಗಿಗಳನ್ನು ಮಹಾಸಭೆಯೆಂದು ನೇಮಿಸಿದರು. ಅವರು ವರ್ಷಕ್ಕೊಮ್ಮೆ ಕೂಡಬೇಕು, ಸತ್ತವರ ಸ್ಥಾನಗಳನ್ನು ತುಂಬಿಕೊಳ್ಳಬೇಕು, ಯಾವ ಪ್ರಸಂಗಿಯನ್ನೂ ಒಂದೇ ಕಡೆ ಮೂರು ವರ್ಷಕ್ಕಿಂತ ಹೆಚ್ಚಾಗಿ ಇಡಬಾರದು.

ಆಗ ಇದ್ದ ಪ್ರಸಂಗಿಗಳು ಸುಮಾರು 190 ಮಂದಿ. ಹೆಸರು ಬಿಟ್ಟುಹೋದವರ ಮನಸ್ಸಿನ ಸ್ಥಿತಿಯನ್ನು ವಾಚಕರು ಊಹಿಸಬಹುದು. ಮಳೆ ಚಳಿಯೆನ್ನದೆ ವರ್ಷಗಟ್ಟಲೆ ಅಲೆದ ಕೆಲವರು ತಾವು ಪಟ್ಟಿಯಲ್ಲಿಲ್ಲದ್ದನ್ನು ಕಂಡು ಸಂಘವನ್ನೇ ಬಿಟ್ಟರು. ನೂರು ಮಂದಿಯನ್ನು ಆರಿಸಿದ್ದರಲ್ಲಿ ಪಕ್ಷಪಾತವಿಲ್ಲವೆಂದು ವೆಸ್ಲಿಯವರು ಹೇಳಿದರೂ ಗಾಯ ಮಾಯಲಿಲ್ಲ. ಕಾಯಿದೆಗೆ ಪಟ್ಟಿ ಬೇಕು. ಪಟ್ಟಿಯು ಸಹೋದರರನ್ನು ಎರಡು ಭಾಗ ಮಾಡುವುದು. ಇದಕ್ಕೆ ಬರೆಹದ ಕಟ್ಟಳೆಯಿಂದ ಪರಿಹಾರವಿರಲಿಲ್ಲ. 1785ನೆಯ ಏಪ್ರಿಲಿನಲ್ಲಿ ಅವರು ಚೆಸ್ಟರ್ ಪಟ್ಟಣದಲ್ಲಿ ಒಂದು ಕಾಗದವನ್ನು ಬರೆದು, ತಮ್ಮ ಸಂಚಾರದ ಸಂಗಡಿಗನಾದ ಜೋಸೆಫ್ ಬ್ರಾಡ್‌ಫರ್ಡನ ಕೈಗೆ ಕೊಟ್ಟು, ತಾವು ಸತ್ತ ಮೇಲೆ ಕೂಡುವ ಮೊದಲನೆಯ ಮಹಾಸಭೆಯಲ್ಲಿ ಓದಬೇಕೆಂದು ನೇಮಿಸಿದರು.

1791ನೆಯ ಮಾರ್ಚಿ 2ರಂದು ಲಂಡನ್ನಿನ ಸಿಟಿ ರೋಡಿನ ತಮ್ಮ ಮನೆಯಲ್ಲಿ, 87ನೆಯ ವಯಸ್ಸಿನಲ್ಲಿ, ವೆಸ್ಲಿಯವರು ನಿದ್ರೆಹೋದರು. ಜೀವಮಾನದಲ್ಲಿ ಅವರು ಸಂಚರಿಸಿದ್ದು ಸುಮಾರು 2,50,000 ಮೈಲಿಯೆಂದು ಎಣಿಸುವರು. ಬ್ರಿಟನ್ನಿನಲ್ಲಿಯೂ ಐರ್ಲೆಂಡಿನಲ್ಲಿಯೂ ಕೂಡಿ 70,000ಕ್ಕೆ ಮೇಲ್ಪಟ್ಟ ಜನರು ಆ ದಿನ ವರ್ಗಗಳಲ್ಲಿದ್ದರು.

ಜುಲೈ ತಿಂಗಳಲ್ಲಿ ಮ್ಯಾಂಚೆಸ್ಟರಿನಲ್ಲಿ ಮಹಾಸಭೆ ಕೂಡಿತು. ಪಟ್ಟಿಯಲ್ಲಿದ್ದವರೂ ಇಲ್ಲದವರೂ ಬಂದಿದ್ದರು. ಬ್ರಾಡ್‌ಫರ್ಡನು ಆರು ವರ್ಷ ಕಾಪಾಡಿಕೊಂಡು ಬಂದ ಕಾಗದವನ್ನು ಒಡೆದು ಓದಿದನು. ದಸ್ತಾವೇಜಿನ ಬಲದಿಂದ ನೀವು ನಿಮ್ಮ ಸಹೋದರರ ಮೇಲೆ ಹೆಚ್ಚುಗಾರಿಕೆ ತೋರಿಸಬೇಡಿರೆಂದು ವೆಸ್ಲಿಯವರು ಆ ನೂರು ಮಂದಿಯನ್ನು ಬೇಡಿಕೊಂಡಿದ್ದರು. ಪ್ರಸಂಗಿಗಳನ್ನು ಸುತ್ತುಗಳಿಗೆ ಕಳುಹಿಸುವಾಗಲೂ, ಕಿಂಗ್ಸ್‌ವುಡ್ ಪಾಠಶಾಲೆಗೆ ಮಕ್ಕಳನ್ನು ಆರಿಸುವಾಗಲೂ, ವರ್ಷದ ವಂತಿಗೆಯನ್ನು ಹಂಚುವಾಗಲೂ ಯಾರ ಮುಖವನ್ನೂ ನೋಡಬಾರದು. ತಾವು ಬದುಕಿದ್ದಾಗ ನಡೆದಂತೆಯೇ ನಡೆಯಬೇಕು. ಕಾಯಿದೆಯು ಆ ನೂರು ಮಂದಿಯ ಕೈಗೆ ಎಲ್ಲವನ್ನೂ ಕೊಟ್ಟಿತ್ತು. ಕಾಗದಕ್ಕಾದರೋ ಕಾಯಿದೆಯ ಬಲವೇನೂ ಇರಲಿಲ್ಲ. ಸಭೆಯವರು ಕಾಗದದಂತೆ ನಡೆದರು. ಪೂರ್ಣವಾಗಿ ಸೇರಿಸಲ್ಪಟ್ಟ ಸಕಲ ಪ್ರಸಂಗಿಗಳಿಗೂ ಆ ನೂರು ಮಂದಿಗಿರುವ ಹಕ್ಕುಗಳೇ ಇರಬೇಕೆಂದು ನಿರ್ಣಯಿಸಿ ಬರೆದರು. ಬಳಿಕ ವೆಸ್ಲಿಯವರ ಪೀಠಕ್ಕೆ ವಿಲಿಯಂ ಥಾಂಪ್ಸನ್ ಎಂಬ ಐರ್ಲೆಂಡಿನ ಪ್ರಸಂಗಿಯನ್ನು ಆರಿಸಿದರು. ಒಂದು ವರ್ಷಕ್ಕೆ ಮಾತ್ರ. 1792ರಲ್ಲಿ ಆ ಪೀಠದಲ್ಲಿ ಅಲೆಕ್ಸಾಂಡರ್ ಮೇಥರ್ ಎಂಬವರು ಕೂತರು.